ಇಲಿಯಮ್ಮನ ತಕರಾರು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಇಲಿಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಎದುರಿಗೇ. ಅವಳಿಗೂ ಬೇಸರವಿರಲಿಲ್ಲ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಬಸುರಿ ಇಲಿಗಳನ್ನು ಸಾಕಿ, ಅವುಗಳ ಆಹಾರಕ್ಕೆ ಅಳತೆಮಾಡಿ ಥ್ಯಾಲೇಟ್ ಬೆರೆಸಿ, ಹುಟ್ಟಿದ ಮರಿಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುವುದು ಅವಳ ಕೆಲಸ. ಥ್ಯಾಲೇಟ್ ಅಂದರೆ ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಎಣ್ಣೆಯಂಥ ದ್ರವ. ನೆಲಹಾಸು, ನೀರಿನ ಪೈಪು, ಮಕ್ಕಳ ಆಟಿಕೆ, ಆಸ್ಪತ್ರೆಯ ನಳಿಕೆ, ಎಲ್ಲಿ ನೋಡಿದರೂ ಅದೇ. ಹಾಕಿದ ಕಡೆ ಸುಮ್ಮನೆ ಕೂರುವ ಜಾತಿಯೂ ಅಲ್ಲ, ನಿಧಾನವಾಗಿ ಹೊರಗೆ ಜಿನುಗುತ್ತದೆ. ಜಿನುಗಿದ್ದು ಎಷ್ಟು ಮೈಸೇರಿದರೆ ಅಪಾಯವಿಲ್ಲ ಎಂದು ಸರ್ಕಾರದ ಸಮಿತಿಯೊಂದು ತೀರ್ಮಾನಿಸಬೇಕಿತ್ತು. ಅವಳೂ ಅದರ ಸದಸ್ಯೆ.

ಅವಳಿಗೆ ಸಿಕ್ಕ ಫಲಿತಾಂಶ ಯಾರಿಗೂ ಹಿಡಿಸುವಂಥದ್ದಾಗಿರಲಿಲ್ಲ. ಹೆಚ್ಚು ಥ್ಯಾಲೇಟ್ ತಿಂದ ತಾಯಂದಿರ ಗಂಡುಮರಿಗಳಿಗೆ ವೃಷಣ ಕೆಳಗಿಳಿದೇ ಇರಲಿಲ್ಲ. ಅದಕ್ಕಿಂತ ಕಡಿಮೆ ತಿಂದವುಗಳ ಮರಿಗಳಲ್ಲಿ ಗಂಡುಹಾರ್ಮೋನು ಸಾಲದೆ ಹೋದದ್ದರ ಗುರುತು ಮೈಮೇಲೇ ಕಾಣುತ್ತಿತ್ತು, ಗುದಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕಿರಿದಾಗಿತ್ತು. ಎಲ್ಲಕ್ಕಿಂತ ಕಡಿಮೆ ಕೊಟ್ಟ ಗುಂಪಿನಲ್ಲೂ ಅದೇ ಗುರುತು, ಸ್ವಲ್ಪವೇ ಸ್ವಲ್ಪ. ತನ್ನ ಕಣ್ಣೇ ಮೋಸ ಮಾಡುತ್ತಿದೆಯೇನೋ ಎಂದು, ಯಾವ ಮರಿ ಯಾವ ಗುಂಪಿನದೆಂದು ತಿಳಿಯದಂತೆ ಮಾಡಿಕೊಂಡು ಅವಳು ಎಲ್ಲವನ್ನೂ ಮತ್ತೆ ಅಳೆದಳು. ವ್ಯತ್ಯಾಸ ಹೋಗಲಿಲ್ಲ.

ಸಮಿತಿ ಮಿತಿ ಗೊತ್ತುಮಾಡುವ ಕ್ರಮ ಹೀಗೆ. ಇಲಿಗೆ ಏನೂ ಆಗದ ಪ್ರಮಾಣ ಯಾವುದೆಂದು ಮೊದಲು ನೋಡುತ್ತಾರೆ. ಮನುಷ್ಯ ಇಲಿಗಿಂತ ಸೂಕ್ಷ್ಮವಿದ್ದರೆ ಎಂದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೂ ಬಸುರಿಯರು, ಹಸುಗೂಸುಗಳು ಇನ್ನಷ್ಟು ಸೂಕ್ಷ್ಮವೆಂದು ಮತ್ತೆ ಹತ್ತರಿಂದ. ಉಳಿದದ್ದು ಸುರಕ್ಷಿತ ಮಿತಿ. ಆದರೆ ಏನೂ ಆಗದ ಪ್ರಮಾಣವೇ ಅವಳಿಗೆ ಸಿಕ್ಕಿರಲಿಲ್ಲ. ಹಾಗಾಗಿ ತಾನು ಕೊಟ್ಟ ಅತಿ ಕಡಿಮೆ ಪ್ರಮಾಣವನ್ನು ಇನ್ನೂ ಒಂದು ಸಲ ಹತ್ತರಿಂದ ಭಾಗಿಸಬೇಕು ಎಂದು ಅವಳು ಪಟ್ಟು ಹಿಡಿದಳು. ಒಂದೇ ಥರ ಕೆಡುಕು ಮಾಡುವ ಥ್ಯಾಲೇಟುಗಳು ಹಲವಿದ್ದವು. ಮಗುವಿನ ಮೈಗೆ ಅವೆಲ್ಲ ಒಟ್ಟಿಗೇ ಹೋಗುವಾಗ ಮಿತಿಯನ್ನೂ ಒಟ್ಟಿಗೇ ಹಾಕಬೇಕು ಎಂಬುದು ಅವಳ ಇನ್ನೊಂದು ತಕರಾರು.

ಸಮಿತಿಯ ಸಭೆಗೆ ತಯಾರಕರ ಪರವಾಗಿ ಬಂದಿದ್ದ ಸಲಹೆಗಾರ ನಯವಾಗಿ ಮಾತಾಡುವ ಮನುಷ್ಯ. ಕೊನೆಯ ಗುಂಪಿನ ವ್ಯತ್ಯಾಸ ಎಷ್ಟು ಚಿಕ್ಕದೆಂದರೆ ಅದನ್ನು ಆಕಸ್ಮಿಕ ಎನ್ನಬಹುದು, ಆ ಪ್ರಮಾಣವನ್ನೇ ಏನೂ ಆಗದ್ದೆಂದು ಹಿಡಿದರೆ ಎಲ್ಲರಿಗೂ ಅನುಕೂಲ ಎಂದ. ಅಧ್ಯಕ್ಷರು ಅವನ ಮಾತಿಗೆ ತಲೆಯಾಡಿಸಿದರು. ಅವಳಿಗೆ ನೋವಾದದ್ದು ಆಗಲೇ. ಏಕೆಂದರೆ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅವಳಿಗೆ ಮರಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ ಮೇಷ್ಟ್ರು. ಚಹಾಕ್ಕೆ ಎದ್ದಾಗ ಅವರು ಅವಳನ್ನು ಕಿಟಕಿಯ ಬಳಿ ಕರೆದು, ಕಾರ್ಖಾನೆಗಳು ಮುಚ್ಚಿದರೆ ಬೀದಿಗೆ ಬೀಳುವವರನ್ನೂ ನೆನೆಯಬೇಕಲ್ಲವೇ ಎಂದರು. ಅದನ್ನು ನೆನೆಯುವವರು ಬೇರೆ ಇದ್ದಾರೆ, ವಿಷ ಎಷ್ಟೆಂದು ಹೇಳಲು ಕೂರಿಸಿದ್ದು ನಮ್ಮನ್ನು ಮಾತ್ರ ಎಂದು ಅವಳು ಜವಾಬು ಕೊಟ್ಟಳು. ಮೇಷ್ಟ್ರು ಲೋಟ ಕೆಳಗಿಟ್ಟು ಹೊರಟುಹೋದರು.

ಆ ಭಾನುವಾರ ತಂಗಿ ಮನೆಗೆ ಬಂದಳು. ಅವಳು ಕೆಲಸ ಮಾಡುತ್ತಿದ್ದದ್ದು ನೆಲಹಾಸಿನ ಕಾರ್ಖಾನೆಯಲ್ಲಿ, ಪ್ಲಾಸ್ಟಿಕ್ ಪುಡಿಗೆ ಥ್ಯಾಲೇಟ್ ಸುರಿದು ಕಲಸುವ ತೊಟ್ಟಿಯ ಹತ್ತಿರ. ಬಿಸಿ ತೊಟ್ಟಿಗೆ ಮುಚ್ಚಳವಿರಲಿಲ್ಲ. ಆ ಜಾಗ ಬಿಡು ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಳು. ನಿನ್ನ ಇಲಿಗಳಿಗೆ ಹೇಳು ಎಂದು ತಂಗಿ ನಕ್ಕುಬಿಡುತ್ತಿದ್ದಳು. ಅವತ್ತು ನಗಲಿಲ್ಲ. ಚಪ್ಪಲಿ ಬಿಡುವ ಮೊದಲೇ, ಮೇಲ್ವಿಚಾರಕ ತನ್ನನ್ನು ಕರೆಸಿದ್ದ, ನಿಮ್ಮಕ್ಕ ಹೇಳುವ ಮಿತಿ ಬಂದರೆ ಕಲಸುವ ವಿಭಾಗಕ್ಕೇ ಬೀಗ ಬೀಳುತ್ತದೆ, ಸ್ವಲ್ಪ ಬುದ್ಧಿ ಹೇಳು ಎಂದ, ಎಂದಳು.

"ಹೇಳು ಅಂದ, ಹೇಳಿದ್ದಾಯ್ತು," ಎಂದು ಕುರ್ಚಿ ಎಳೆದುಕೊಂಡು ಕೂತಳು. "ಈಗ ನಾನು ಕೇಳ್ತೀನಿ ಅಕ್ಕ. ನನಗೆ ಎರಡು ತಿಂಗಳು. ನನ್ನ ಹೊಟ್ಟೇಲಿರೋದಕ್ಕೆ ಎಷ್ಟು ಆದ್ರೆ ಪರವಾಗಿಲ್ಲ?"

ಅಕ್ಕನಿಗೆ ಸಂತೋಷಪಡಬೇಕೋ ಗಾಬರಿಯಾಗಬೇಕೋ ತಿಳಿಯಲಿಲ್ಲ. ಗಂಡುಮಗುವಾದರೆ ಅದರ ಜನನಾಂಗ ರೂಪುಗೊಳ್ಳುವ ಹೊತ್ತು ಇನ್ನೇನು ಶುರುವಾಗುವುದರಲ್ಲಿತ್ತು. ತಂಗಿಯ ಕೈ ಹಿಡಿದುಕೊಂಡಳು.

"ಇಲಿಗೆ ಆಗಿದ್ದು ನಿನ್ನ ಮಗೂಗೆ ಆಗೇ ಆಗುತ್ತೆ ಅಂತ ನಾನು ಹೇಳಲ್ಲ ಕಣೆ. ಆದ್ರೆ ಇಷ್ಟಾದ್ರೆ ಪರವಾಗಿಲ್ಲ ಅನ್ನೋಕೆ ನನ್ನ ಹತ್ರ ಒಂದು ಅಂಕಿಯೂ ಇಲ್ಲ. ಹುಡುಕಿದೆ, ಸಿಗಲಿಲ್ಲ."

"ಮತ್ತೆ ಅವರ ಹತ್ರ ಹೇಗೆ ಇದೆ?"

ಮರುದಿನದಿಂದ ತಂಗಿ ತೊಟ್ಟಿಯ ಹತ್ತಿರ ಹೋಗಲಿಲ್ಲ. ಕಾರ್ಖಾನೆಗೆ ಹೋದಳು, ಸಮವಸ್ತ್ರ ತೊಟ್ಟಳು, ನೆಲಹಾಸಿನ ಸುರುಳಿ ಕಟ್ಟುವ ವಿಭಾಗದಲ್ಲಿ ನಿಂತು ಇಲ್ಲೇ ಕೆಲಸ ಕೊಡಿ ಎಂದಳು. ಮೇಲ್ವಿಚಾರಕ ಕೂಗಾಡಿದ. ಅವಳು ಜಗ್ಗಲಿಲ್ಲ. ವಾರ ಕಳೆಯುವುದರೊಳಗೆ ತೊಟ್ಟಿಯ ಇನ್ನಿಬ್ಬರು ಹೆಂಗಸರೂ ಬಂದು ಅವಳ ಪಕ್ಕ ನಿಂತರು.

ಮುಂದಿನ ಸಭೆಯಲ್ಲಿ ಅಕ್ಕ ಎಲ್ಲಕ್ಕಿಂತ ಮೊದಲು ಎದ್ದು, ತನ್ನ ತಂಗಿ ಅಂಥ ಕಾರ್ಖಾನೆಯಲ್ಲಿದ್ದಾಳೆ, ಬಸುರಿ, ಇದು ಎಲ್ಲರಿಗೂ ತಿಳಿದಿರಲಿ ಎಂದಳು. ಮುಚ್ಚಿಡುವುದು ಅವಳ ಜಾಯಮಾನವಲ್ಲ. ಸಲಹೆಗಾರ ಅದಕ್ಕೇ ಕಾದಿದ್ದವನಂತೆ, ಹಾಗಾದರೆ ಇವರ ಅಳತೆಯಲ್ಲೇ ಪಕ್ಷಪಾತವಿದೆ ಎಂದ. ಇಲಿಗಳನ್ನು ಅಳೆದಾಗ ತಂಗಿ ಬಸುರಿಯೇ ಆಗಿರಲಿಲ್ಲ ಎಂದು ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮೇಷ್ಟ್ರು ಅವಳ ಮುಖ ನೋಡದೆ, ನೀನು ಮತ ಹಾಕದಿರುವುದು ಒಳ್ಳೆಯದಮ್ಮ ಎಂದರು.

"ಆಯ್ತು ಸಾರ್, ಹಾಕಲ್ಲ," ಎಂದಳು. "ಸಾರ್ವಜನಿಕರ ಅಹವಾಲು ಕೇಳೋ ದಿನ ಹೊರಗಡೆ ಸಾಲಲ್ಲಿ ನಿಂತ್ಕೊಂಡು ಬರ್ತೀನಿ. ಅಲ್ಲಿ ನನ್ನನ್ನ ಎಬ್ಬಿಸೋಕಾಗಲ್ಲ."

ಹಾಗೇ ಮಾಡಿದಳು. ಅಹವಾಲಿನ ದಿನ ಸಭಾಂಗಣ ಭರ್ತಿಯಾಗಿತ್ತು. ಸದಸ್ಯರು ವೇದಿಕೆಯ ಮೇಲೆ, ಅವಳು ಕೆಳಗೆ, ಒಬ್ಬ ಆಟಿಕೆ ಅಂಗಡಿಯವನ ಹಿಂದೆ, ಒಬ್ಬ ದಾದಿಯ ಮುಂದೆ. ಸರದಿ ಬಂದಾಗ ಭಾಷಣ ಮಾಡಲಿಲ್ಲ. ಗುಂಪು ಗುಂಪಾಗಿ ಮರಿಗಳ ಅಳತೆ ಓದಿದಳು. ಕೊನೆಯ ಗುಂಪಿಗೆ ಬಂದಾಗ ನಿಂತು, ಇದನ್ನು ಆಕಸ್ಮಿಕ ಎನ್ನುವವರು ಈ ಪ್ರಯೋಗವನ್ನು ತಾವೇ ಮಾಡಿ ತೋರಿಸಲಿ, ಅಲ್ಲಿಯವರೆಗೆ ಅನುಮಾನದ ಲಾಭ ಕೂಸಿಗೆ ಸಿಗಲಿ, ಕಾರ್ಖಾನೆಗಲ್ಲ ಎಂದಳು. ಸಲಹೆಗಾರ ನಡುವೆ ಬಾಯಿ ಹಾಕಿ, ಇವರ ತಂಗಿ ಎಂದು ಶುರುಮಾಡಿದ. ಹಿಂದಿನ ಸಾಲಿನಲ್ಲಿ ತಂಗಿ ಎದ್ದು ನಿಂತಳು.

"ಆ ತಂಗಿ ನಾನೇ," ಎಂದಳು. "ನನ್ನ ಹೆಸರು ಎತ್ತೋ ಮೊದ್ಲು ಒಂದು ದಿನ ನಮ್ಮ ತೊಟ್ಟಿ ಹತ್ರ ಬಂದು ನಿಂತ್ಕೊಳ್ಳಿ. ಉಸಿರಾಡಿ. ಆಮೇಲೆ ಚಿಕ್ಕ ವ್ಯತ್ಯಾಸ ಅನ್ನಿ."

ಸಲಹೆಗಾರ ಕೂತ. ದಾದಿ ಎದ್ದು, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಒಂದೇ ಸಲ ಎಷ್ಟು ನಳಿಕೆ ಹಾಕಿರುತ್ತೇವೆ ಗೊತ್ತೇ ಎಂದು ಕೇಳಿದಳು. ಮೇಷ್ಟ್ರು ಅದನ್ನು ಬರೆದುಕೊಂಡರು.

ಮಿತಿ ಪ್ರಕಟವಾದಾಗ ಅದು ಅವಳು ಕೇಳಿದ್ದಾಗಿರಲಿಲ್ಲ. ಅವಳು ಕೇಳಿದ ಆ ಇನ್ನೊಂದು ಸಲ ಹತ್ತರ ಬದಲು ಮೂರರಿಂದ ಭಾಗಿಸಿದ್ದರು. ಒಂದೇ ಥರದ ಥ್ಯಾಲೇಟುಗಳನ್ನು ಒಟ್ಟು ಸೇರಿಸಿ ನೋಡಬೇಕೆಂಬ ಮಾತನ್ನು ಮಾತ್ರ ಪೂರ್ತಿ ಒಪ್ಪಿದ್ದರು. ಅದಕ್ಕೆ ಹಟ ಹಿಡಿದದ್ದು ಮೇಷ್ಟ್ರೇ ಎಂದು ಆಮೇಲೆ ಕಿವಿಗೆ ಬಿತ್ತು. ಕಾರ್ಖಾನೆ ಮುಚ್ಚಲಿಲ್ಲ. ತೊಟ್ಟಿಗೆ ಮುಚ್ಚಳ ಬಂತು, ಮೇಲೆ ಹೊಗೆಕೊಳವೆ ಬಂತು, ಬೇರೆ ದ್ರವ ಹಾಕಿ ನೋಡತೊಡಗಿದರು. ಅಕ್ಕನನ್ನು ಇಲಿಗಳಿಂದ ಬಿಡಿಸಿ ನೀರಿನ ಮಾದರಿಗಳ ವಿಭಾಗಕ್ಕೆ ಹಾಕಿದರು. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ತಂಗಿಗೆ ಗಂಡುಮಗುವಾಯಿತು. ವೈದ್ಯೆ ಅಡಿಯಿಂದ ಮುಡಿಯವರೆಗೆ ನೋಡಿ ಎಲ್ಲ ಸರಿಯಿದೆ ಎಂದರು. ಸುದ್ದಿ ಹೇಗೋ ಸಲಹೆಗಾರನಿಗೂ ಮುಟ್ಟಿತು. ದಾರಿಯಲ್ಲಿ ಅಕ್ಕ ಎದುರಾದಾಗ ನಗುತ್ತ, ನೋಡಿದಿರಾ, ಏನೂ ಆಗಲಿಲ್ಲ ಎಂದ. ಒಂದು ಮಗು ಚೆನ್ನಾಗಿರುವುದು ನನಗೆ ಹಬ್ಬ, ನಿಮಗೆ ಪುರಾವೆಯಲ್ಲ ಎಂದಳು ಅವಳು. ಚೆನ್ನಾಗಿಲ್ಲದೆ ಹುಟ್ಟಿದ್ದರೂ ತಾನು ಅದನ್ನು ಪುರಾವೆಯಾಗಿ ತರುತ್ತಿರಲಿಲ್ಲ ಎಂದೂ ಸೇರಿಸಿದಳು.

ಇನ್ನೂ ಕಡಿಮೆ ಪ್ರಮಾಣದಲ್ಲಿ ಪ್ರಯೋಗ ಮಾಡಲು ಅನುಮತಿ ಕೇಳಿ ಅವಳು ಅರ್ಜಿ ಹಾಕಿದಳು. ತಿರಸ್ಕಾರವಾಯಿತು. ಮತ್ತೆ ಹಾಕಿದಳು. ನೀರು ಪರೀಕ್ಷೆ ಮಾಡುವವಳಿಗೆ ಇಲಿ ಯಾಕೆ ಎಂದು ನಿರ್ದೇಶಕರು ಗುರ್ ಎಂದಾಗ, ನೀರಲ್ಲೂ ಆ ಥ್ಯಾಲೇಟೇ ಸಿಗುತ್ತಿದೆ ಸಾರ್ ಎಂದು ಆ ವಾರದ ಮಾದರಿಗಳ ಫಲಿತಾಂಶವನ್ನು ಅವರ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತಳು.