ಮೊಂತಿ ಹಬ್ಬದ ಗದ್ದೆ

ನನ್ನ ಬಾಯಿಯೇ ನನಗೆ ಶತ್ರು, ಮಾರಾಯ್ರೆ. ಇಲ್ಲದಿದ್ದರೆ ಆ ಗದ್ದೆ ಇವತ್ತಿಗೂ ನನ್ನದಾಗಿಯೇ ಇರುತ್ತಿತ್ತು.

ನಮ್ಮ ಪಾದೆಬೆಟ್ಟು ಸಿದ್ಧಕಟ್ಟೆಯಿಂದ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ ಉಂಟು. ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ್ದು ಎಂಬತ್ತು ಮನೆ. ತೊಂಬತ್ತಾರರ ಮಳೆಗೆ ಹಳೆ ಇಗರ್ಜಿಯ ಗೋಡೆ ಬಿರುಕು ಬಿಟ್ಟಿತು. ಹೊಸದು ಕಟ್ಟುವ ಅಂತ ಎಲ್ಲರೂ ಒಪ್ಪಿದರು, ಎಲ್ಲಿ ಅಂತ ಮಾತ್ರ ಯಾರೂ ಒಪ್ಪಲಿಲ್ಲ. ಮೇಲಿನ ವಾಳೆಯವರಿಗೆ, ಅಂದರೆ ಮೇಲಿನ ಕೇರಿಯವರಿಗೆ, ಬಸ್‌ಸ್ಟಾಪಿನ ಹತ್ತಿರ ಬೇಕು, ಕೆಳಗಿನ ವಾಳೆಯವರಿಗೆ ಹಳೆ ಜಾಗದಲ್ಲೇ, ಸಮಾಧಿಗಳ ಪಕ್ಕ.

"ಸತ್ತವರನ್ನು ಬಿಟ್ಟು ಹೋಗ್ಲಿಕ್ಕಾಗ್ತದಾ?" ಅಂತ ಕೆಳಗಿನ ವಾಳೆಯ ಮುಖಂಡ, ಗುರ್ಕಾರ ಮಾರ್ಸೆಲ್.

"ಹತ್ತಿ ಇಳಿಯುವ ಬದುಕಿದ್ದವರ ಮೊಣಕಾಲು ನೋಡ್ಲಿಕ್ಕಿಲ್ವಾ?" ಅಂತ ಮೇಲಿನ ಗುರ್ಕಾರ ಬಾಸ್ತ್ಯಾಂವ್.

ಇವರಿಬ್ಬರು ಭಾವಂದಿರು! ಮೂರು ವರ್ಷ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ.

ನಾನು ಕಾರ್ಮಿನ್. ಮನೆ ಗಂಡ ಲಾದ್ರುವಿನದು, ಹೆಸರಿನ ಹಿಂದಿನ ಲೋಬೊ ಕೂಡ ಅವರದೇ. ತವರಿನವರು ನನ್ನ ಹೆಸರಿಗೆ ಬರೆದುಕೊಟ್ಟ ಗದ್ದೆ ಒಂದೇ ನನ್ನದು. ಬೇರೆಯವರೆಲ್ಲ ಗದ್ದೆಗೆ ಮಣ್ಣು ತುಂಬಿಸಿ ತೆಂಗು, ರಬ್ಬರ್ ಹಾಕಿದರು. ನಾನು ಬಿಡಲಿಲ್ಲ. ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟಿದ ದಿನಕ್ಕೆ, ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಹೊಸ ತೆನೆ ಇಗರ್ಜಿಯಿಂದ ಒಯ್ಯಬೇಕಲ್ಲ? ಅದಕ್ಕೆಂದೇ ಒಂದು ಮೂಲೆಗೆ ಬೇಗ ಬಿತ್ತುತ್ತಿದ್ದೆ. ಇಪ್ಪತ್ತಾರು ವರ್ಷ ಊರಿಗೆಲ್ಲ ನನ್ನದೇ ತೆನೆ.

ತೊಂಬತ್ತೊಂಬತ್ತರಲ್ಲಿ ಮೇಲಿನವರು ಬಸ್‌ಸ್ಟಾಪಿನ ಹತ್ತಿರ ಚಪ್ಪರ ಹಾಕಿ ಬೇರೆಯೇ ಹಬ್ಬ ಮಾಡುವುದೆಂದು ಹೊರಟರು. ಬೆಳಿಗ್ಗೆ ಬಾಸ್ತ್ಯಾಂವ್ ಬಂದು, "ಕಾರ್ಮಿನ್ ಬಾಯಿ, ತೆನೆ ಈ ಸಲ ನಮಗೆ" ಅಂದ. ಮಧ್ಯಾಹ್ನ ಮಾರ್ಸೆಲ್ ಬಂದು ಅದನ್ನೇ ಅಂದ. ನನಗೆ ಪಿತ್ತ ನೆತ್ತಿಗೇರಿತು.

"ಯಾರಿಗೂ ಕೊಡುವುದಿಲ್ಲ! ತೆನೆ ಬೇಕಾದರೆ ಇಬ್ಬರೂ ಒಟ್ಟಿಗೆ ನನ್ನ ಗದ್ದೆಗೆ ಬನ್ನಿ. ಫಾದರ್ ಅಲ್ಲೇ ಆಶೀರ್ವಾದ ಮಾಡಲಿ!"

ಬಂದೇ ಬಂದರು, ಮಾರಾಯ್ರೆ. ತೆನೆ ಇಲ್ಲದೆ ಹಬ್ಬದ ಊಟಕ್ಕೆ ಕೂರುವ ಧೈರ್ಯ ಯಾರಿಗುಂಟು? ಎಂಬತ್ತು ಮನೆಯವರೂ ಬದುವಿನ ಮೇಲೆ ನಿಂತರು. ಮಕ್ಕಳು ಮರಿಯಮ್ಮನ ಮೂರ್ತಿಗೆ ಹೂ ಎರಚಿದವು. ಬಾಸ್ತ್ಯಾಂವ್ ಕಾಲು ಜಾರಿ ಕೆಸರಿಗೆ ಬಿದ್ದ, ಮಾರ್ಸೆಲ್ ಕೈ ಹಿಡಿದು ಎತ್ತಿದ. ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಆಗ ಫಾದರ್ ಸುತ್ತ ನೋಡಿದರು.

"ಮೇಲಿನವರಿಗೂ ಕೆಳಗಿನವರಿಗೂ ಇದೇ ನಡು. ಸಮತಟ್ಟೂ ಉಂಟು. ದೇವರೇ ಜಾಗ ತೋರಿಸಿದ್ದಾರೆ. ಏನಂತೀರಿ, ಕಾರ್ಮಿನ್ ಬಾಯಿ?"

ಜನ ಚಪ್ಪಾಳೆ ಹೊಡೆಯಲು ಶುರು ಮಾಡಿದರು. ನಾನು ಲಾದ್ರುವಿನ ಮುಖ ನೋಡಿದೆ. "ಗದ್ದೆ ನಿನ್ನದು" ಅಂದರು ಮೆಲ್ಲಗೆ. ಕೈಯಲ್ಲಿ ಆಶೀರ್ವಾದದ ತೆನೆ, ಎದುರು ಅಷ್ಟು ಜನ. ಇಲ್ಲ ಅನ್ನುವುದು ಹೇಗೆ? ಹ್ಞೂಂ ಅಂದೆ. ಆ ರಾತ್ರಿ ಹೊಸಕ್ಕಿ ಊಟ ಎಲ್ಲರಿಗೂ ಬಡಿಸಿದೆ, ನಾನು ಉಣ್ಣಲಿಲ್ಲ.

ಎರಡು ಸಾವಿರದ ಎರಡರಲ್ಲಿ ಇಗರ್ಜಿ ಎದ್ದು ನಿಂತಿತು. ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಗುರ್ಕಾರರಿಬ್ಬರೂ ಈಗ ಒಂದೇ ಬೆಂಚಿನಲ್ಲಿ ಕೂರ್ತಾರೆ. ಮೊದಲ ಮೊಂತಿ ಹಬ್ಬಕ್ಕೆ ತೆನೆ ಅಳದಂಗಡಿಯ ಕುಶಾಲಪ್ಪ ಶೆಟ್ಟರ ಗದ್ದೆಯಿಂದ ಜೀಪಿನಲ್ಲಿ ಬಂತು. ನಾನೂ ಸಾಲಿನಲ್ಲಿ ನಿಂತೆ. "ಮನೆಯಲ್ಲಿ ಎಷ್ಟು ಜನ, ಬಾಯಿ?" ಅಂತ ಮಾರ್ಸೆಲ್ ಕೇಳಿದ. ಇಪ್ಪತ್ತಾರು ವರ್ಷ ನನ್ನ ಕೈಯಿಂದ ತೆನೆ ತೆಗೆದುಕೊಂಡವನು!

ಮರುದಿನ ಬೆಳಿಗ್ಗೆ ಕುಮ್ಸಾರಕ್ಕೆ, ಪಾಪ ಹೇಳಿಕೊಳ್ಳಲು, ಹೋಗಿ ಮೊಣಕಾಲೂರಿದೆ. ಜಾಲರಿಯ ಆಚೆ ಗದ್ದೆ ಕೇಳಿದ ಅದೇ ಫಾದರ್.

"ಫಾದರ್, ಆ ಜಗಳ ಮುಗಿಯಬಾರದಿತ್ತು ಅಂತ ದಿನಾ ಅನ್ನಿಸ್ತದೆ."

 ಪ್ರಾಯಶ್ಚಿತ್ತಕ್ಕೆ ಮೂರು ನಮಾನ್ ಮರಿಯೆ, ಅದೇ ಮರಿಯಮ್ಮನ ಜಪ, ಹೇಳಿ ಅಂದರು.

"ಮೂರು ಸಾಕಾ?" ಅಂದೆ. "ನೀವು ಎಷ್ಟು ಹೇಳ್ತೀರಿ?"