ತೇರಡಾದ ಬೇರು

ಭಾಂಡುಪಿನ ಗುಡ್ಡದ ಬುಡದಲ್ಲಿ, ಚಾಳಿನ ಹಿಂದೆಯೇ, ಮಳೆಗಾಲದ ಕೊನೆಗೆ ತೇರಡಾ ಹೂ ಬಿಡುತ್ತದೆ. ಬೆಳಗಾವಿ ಕಡೆಯ ಅಂಬವ್ವ ಪ್ರತಿ ಭಾದ್ರಪದದಲ್ಲೂ ಆ ಗಿಡವನ್ನೇ ಬೇರುಸಮೇತ ಕಿತ್ತು ತಂದು ಗೌರಿಯೆಂದು ಕೂರಿಸುತ್ತಾಳೆ. ಆ ಬೇರುಗಳೇ ಗೌರಿಯ ಪಾದ. ಪಾದವಿಲ್ಲದವಳು ತವರಿಗೆ ನಡೆದು ಬರುವುದಾದರೂ ಹೇಗೆ?

ಹೋದ ವರ್ಷ ಮಗಳು ಶೈಲಾ ಜ್ವರ ಬಂದು ತೀರಿಕೊಂಡಳು. ಸೂತಕವೆಂದು ಹಬ್ಬ ನಿಂತಿತು. ಅಳು ನಿಲ್ಲಿಸದ ಮೊಮ್ಮಗಳು ಸೌಮ್ಯಾಳಿಗೆ ಆಗ ಅಂಬವ್ವ ಒಂದು ಮಾತು ಹೇಳಿಬಿಟ್ಟಿದ್ದಳು: "ನಿಮ್ಮವ್ವ ಗೌರಿ ಆಗ್ಯಾಳವಾ. ಬರೂ ವರ್ಷ ಬರ್ತಾಳ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮುದುಕಿ ಮರೆತಳು, ಕೇಳಿದ ಮಗು ಮರೆಯಲಿಲ್ಲ.

ಈ ವರ್ಷ ಗುಡ್ಡಕ್ಕೆ ಅಜ್ಜಿಗಿಂತ ಮುಂದೆ ಸೌಮ್ಯಾಳೇ ಓಡಿದಳು. ಕುಕ್ಕರಗಾಲಲ್ಲಿ ಕೂತು ಒಂದೊಂದು ಗಿಡವನ್ನೂ ನೋಡಿದಳು. ನೀರು ತುಂಬಿದ ಕೆಂಪು ದಂಟು, ಗಿಣ್ಣಿನ ಹತ್ತಿರ ದಪ್ಪ. ಗರಗಸದ ಹಲ್ಲಿನಂಥ ಅಂಚಿರುವ ಉದ್ದನೆಯ ಎಲೆ. ಎಲೆಯ ಸಂದಿಯಲ್ಲಿ ಮುಖ ಮರೆಸಿಕೊಂಡು ತೂಗುವ ಗುಲಾಬಿ ಬಣ್ಣದ ಹೂ, ಅದರ ಬೆನ್ನಿಗೆ ಬಾಗಿದ ಸಣ್ಣದೊಂದು ಬಾಲ. ನವಿರುಗೂದಲ ಕಾಯಿಗೆ ಬೆರಳು ತಾಗಿದ್ದೇ ತಡ, ಪಟ್ಟನೆ ಸಿಡಿದು ಬೀಜ ಹಾರಿದವು. ಸೌಮ್ಯಾ ನಗಲಿಲ್ಲ.

"ಆಯಿ, ಇದ್ರಾಗ ಮಮ್ಮಿ ಕೌನ್‌ಸೀ ಹೈ?" ಇದರಲ್ಲಿ ತನ್ನವ್ವ ಯಾವ ಗಿಡವೆಂದು ಅಜ್ಜಿಯನ್ನು ಕೇಳಿದಳು.

ಅಂಬವ್ವನಿಗೆ ತಾನಾಡಿದ ಮಾತು ಆಗ ನೆನಪಾಯಿತು. ಅಷ್ಟರಲ್ಲಿ ಹುಡುಗಿ ತಾನೇ ಎತ್ತರದ ಗಿಡವೊಂದನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದಳು. ತೇರಡಾದ ದಂಟಿಗೆ ಬಲವೆಲ್ಲಿ? ಲಟಕ್ಕನೆ ಮುರಿದು, ಬೇರು ಮಣ್ಣಲ್ಲೇ ಉಳಿಯಿತು.

"ಪಾಂವ್ ಟೂಟ್ ಗಯಾ! ಪಾದ ಮುರೀತು!" ಎಂದು ಕಿರುಚಿದ ಸೌಮ್ಯಾ, ಕೆಸರಿನಲ್ಲಿ ಕೈ ಹಾಕಿ ಬೇರನ್ನು ತೋಡಿ ತೆಗೆದು, ಮುರಿದ ದಂಟಿಗೆ ಒತ್ತಿ ಹಿಡಿದಳು. "ಜೋಡ್ಸು ಆಯಿ. ಮಮ್ಮಿ ಹೆಂಗ ಬರ್ತಾಳ?"

ಇನ್ನೊಂದು ಸುಳ್ಳು ಅಂಬವ್ವನ ನಾಲಿಗೆಯ ತುದಿಗೇ ಬಂದಿತ್ತು. ಆ ಕೆಸರುಗೈ ನೋಡಿ ನುಂಗಿಕೊಂಡಳು. ಅಂಥ ಸಂಕಟವನ್ನು ಮಗಳನ್ನು ಕಳಕೊಂಡ ದಿನವೂ ಅವಳು ಕಂಡಿರಲಿಲ್ಲ.

"ಅದು ನಿಮ್ಮವ್ವ ಅಲ್ಲ ಕೂಸ. ಬರೇ ಹೂ. ನಾ ಸುಳ್ಳ ಹೇಳಿದ್ನಿ. ನಿಮ್ಮವ್ವ ಬರಂಗಿಲ್ಲ."

"ನೆಕ್ಸ್ಟ್ ಇಯರ್?"

"ಎಂದೂ ಬರಂಗಿಲ್ಲ."

ಸೌಮ್ಯಾ ಅಜ್ಜಿಯ ಮುಖವನ್ನೇ ದಿಟ್ಟಿಸಿದಳು. "ನಿಂಗ ಪಹಲೇ ಸೇ ಗೊತ್ತಿತ್ತಾ? ಮೊದಲಿಂದನೂ?"

ಅಂಬವ್ವ ತಲೆ ತಗ್ಗಿಸಿ ಹೂಂ ಎಂದಳು.

ಹುಡುಗಿ ದಂಟನ್ನೂ ಬೇರನ್ನೂ ಮೆಲ್ಲಗೆ ಹುಲ್ಲಿನ ಮೇಲಿಟ್ಟು, ಒಬ್ಬಳೇ ಗುಡ್ಡ ಇಳಿಯತೊಡಗಿದಳು. ಜಾರುವ ಹಾದಿಯಲ್ಲಿ ಅಜ್ಜಿ ಹಿಂದಿನಿಂದ ಕೈ ಚಾಚಿದಳು. ಸೌಮ್ಯಾ ಕೈ ಕೊಡಲಿಲ್ಲ.