ಬಾತುಕೋಳಿ ಹಾಜರಿ

ಕಾವಲಮ್ಮ ಎಂಬ ಹೆಸರಿಟ್ಟಿದ್ದು ಅವಳ ಗಂಡ. ಮನೆಯಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು, ಜೊತೆಯಲ್ಲಿದ್ದವರ ತಲೆ ಮುಟ್ಟಿ ಹಾಜರಿ ತೆಗೆದುಕೊಳ್ಳುವುದು ಅವಳ ಅಭ್ಯಾಸ. ಬಸ್ಸು ಹತ್ತಿದಾಗ ಒಮ್ಮೆ, ಇಳಿದಾಗ ಒಮ್ಮೆ, ನಡುವೆ ಜೀವ ತಡೆಯದೆ ಇನ್ನೊಮ್ಮೆ. ಮುಟ್ಟಿಸಿಕೊಂಡವರು "ಇದೀನಿ" ಅನ್ನಬೇಕು. ಅನ್ನದಿದ್ದರೆ, ಎದುರಿಗೇ ನಿಂತಿದ್ದರೂ ಅವಳ ಪಾಲಿಗೆ ಅವರು ಕಳೆದುಹೋದ ಹಾಗೆಯೇ. ಮದುವೆಯಾದ ಹೊಸದರಲ್ಲಿ ಅತ್ತೆ ಇದಕ್ಕೆ ಮುಖ ಸಿಂಡರಿಸಿದ್ದರು. ಈಗ ಕುರ್ಚಿಯಲ್ಲಿ ತೂಕಡಿಸುವಾಗ ಮುಟ್ಟಿದರೂ "ಇದೀನಿ ಕಣೇ, ಇನ್ನೂ ಹೋಗಿಲ್ಲ" ಎನ್ನುವಷ್ಟು ಪಳಗಿದ್ದರು.

ಪಳಗದೆ ಉಳಿದದ್ದು ಒಂದೇ ತಲೆ. ದತ್ತು ತೆಗೆದುಕೊಳ್ಳಲೆಂದೇ ಇಷ್ಟು ದೂರದ ದೇಶಕ್ಕೆ ಬಂದು, ಮಕ್ಕಳ ಆಶ್ರಮದಿಂದ ತಮ್ಮ ವಸತಿಗೃಹಕ್ಕೆ ಕರೆತಂದಿದ್ದ ಪುಟ್ಟ ಹುಡುಗಿಯದು. ಮಗು ಹೊಸ ಅಪ್ಪನ ಹೆಗಲು ಹತ್ತುತ್ತಿತ್ತು, ಹೊಸ ಅಜ್ಜಿಯ ತಟ್ಟೆಗೆ ಕೈ ಹಾಕುತ್ತಿತ್ತು. ಕಾವಲಮ್ಮನ ಕೈ ತಲೆಯ ಹತ್ತಿರ ಬಂತೋ, ಸರಕ್ಕನೆ ಬಗ್ಗಿ ತಪ್ಪಿಸಿಕೊಳ್ಳುತ್ತಿತ್ತು. ಗಾಳಿಯಲ್ಲಿ ಉಳಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ತನ್ನ ಕೂದಲನ್ನೇ ಸರಿಮಾಡಿಕೊಳ್ಳುತ್ತಿದ್ದಳು. ಸರಿಮಾಡಿ ಸರಿಮಾಡಿ ಬೈತಲೆಯೇ ಅಗಲವಾಗುತ್ತಿದೆ ಎಂದು ಗಂಡ ಹಾಸ್ಯ ಮಾಡಿದ್ದ. ಅವಳಿಗೆ ನಗು ಬಂದಿರಲಿಲ್ಲ.

ದತ್ತು ಕಚೇರಿಯ ಕೊನೆಯ ಭೇಟಿ ನಾಳೆ ಇತ್ತು. "ಅಧಿಕಾರಿ ಮೇಡಂ ಹೆಚ್ಚೇನೂ ಕೇಳಲ್ಲ. ಮಗು ತಾಯಿ ಹತ್ರ ಹೇಗಿದೆ ಅಂತ ನೋಡ್ತಾರೆ, ಅಷ್ಟೆ. ಇವತ್ತು ಆರಾಮಾಗಿ ಊರು ನೋಡ್ಕೊಂಡು ಬನ್ನಿ" ಎಂದು ಹೇಳಿ ದುಭಾಷಿ ಹೆಂಗಸು ಹೋಗಿದ್ದಳು. ಆ "ಅಷ್ಟೆ" ಎಂಬುದು ಕಾವಲಮ್ಮನ ಗಂಟಲಲ್ಲಿ ಮಾತ್ರೆಯ ಹಾಗೆ ಸಿಕ್ಕಿಕೊಂಡಿತ್ತು.

ಗುರುತು ಪರಿಚಯವಿಲ್ಲದ ಊರು, ಜನಜಂಗುಳಿ. ಆದ್ದರಿಂದ ಅವಳು ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಒಂದೇ ಥರದ ಟೋಪಿ ತಂದಳು. ಹಳದಿ ಬಣ್ಣ, ಮುಂದೆ ಕಿತ್ತಳೆ ಕೊಕ್ಕು, ಮೇಲೆ ಎರಡು ಗುಂಡು ಕಣ್ಣು. ಬಾತುಕೋಳಿ.

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು ದೂರದಿಂದ ನೋಡಿದರು. "ಇಡೀ ಶಾಲೆಗೆ ಶಿಸ್ತು ಕಲಿಸಿದ ತಲೆ ಇದು. ಇದಕ್ಕೆ ಕೊಕ್ಕು ಹಚ್ತೀಯಾ?"

"ದೂರದಿಂದ ಕಾಣಿಸುತ್ತೆ ಅತ್ತೆ."

"ಕಾಣಿಸುತ್ತೆ ಅಂತಾನೇ ಹೆದರಿಕೆ."

"ಹಾಕ್ಕೋಮ್ಮ, ಇಲ್ಲಿ ನಿನ್ನ ಹಳೇ ವಿದ್ಯಾರ್ಥಿಗಳು ಯಾರಿದಾರೆ?" ಎಂದ ಮಗ.

ಅತ್ತೆ ಹಾಕಿಕೊಂಡರು. ಕಾವಲಮ್ಮ ಅಭ್ಯಾಸಬಲದಿಂದ ಅವರ ತಲೆ ಮುಟ್ಟಿದಳು.

"ಕ್ವಾಕ್!"

ಟೋಪಿಯೊಳಗೆ ಪೀಪಿ ಇರುವುದನ್ನು ಅಂಗಡಿಯವನೂ ಹೇಳಿರಲಿಲ್ಲ, ಅವಳೂ ಒತ್ತಿ ನೋಡಿರಲಿಲ್ಲ. ಮೊದಲು ನಕ್ಕಿದ್ದು ಮಗು. ಮಂಚದ ಮೇಲೆ ಹತ್ತಿ ಅಜ್ಜಿಯ ತಲೆಯನ್ನು ಎರಡು ಕೈಯಲ್ಲೂ ಒತ್ತಿತು. ಆಮೇಲೆ ಅಪ್ಪನ ತಲೆ. ಕಾವಲಮ್ಮ ತಾನೂ ಟೋಪಿ ಹಾಕಿಕೊಂಡು ಮಂಚದ ಪಕ್ಕದಲ್ಲಿ ಬಗ್ಗಿ ನಿಂತಳು. ಮಗು ಆ ತಲೆಯನ್ನು ನೋಡಿತು, ಕೈ ಹಿಂದಕ್ಕೆ ತೆಗೆದುಕೊಂಡಿತು, ಮತ್ತೆ ಅಜ್ಜಿಯತ್ತ ತಿರುಗಿತು. ಒತ್ತುವವರಿಲ್ಲದೆ ಬಗ್ಗಿ ನಿಂತವಳು ನೆಲದಲ್ಲಿ ಏನೋ ಹುಡುಕುವ ಹಾಗೆ ಮಾಡಿದಳು.

ಹೊರಟರು. ದೊಡ್ಡ ಗಡಿಯಾರದ ಗೋಪುರ ನೋಡಿದರು, ಹಾಜರಿ: ಕ್ವಾಕ್, "ಇದೀನಿ", ಕ್ವಾಕ್, "ಇದೀನಿ", ಮಗು ಬಗ್ಗಿತು. ಹಳೆಯ ಸೇತುವೆ ದಾಟಿದರು, ಮತ್ತೆ ಹಾಜರಿ; ಮಗು ಮತ್ತೆ ಬಗ್ಗಿತು. ದಾರಿಹೋಕರು ನಿಂತು ನೋಡುತ್ತಿದ್ದರು. ಅತ್ತೆ ಮಾತ್ರ ಬಹುಮಾನ ವಿತರಣೆಗೆ ಹೊರಟವರಂತೆ ಗಂಭೀರವಾಗಿ ನಡೆಯುತ್ತಿದ್ದರು.

ಕೆರೆಯ ದಡಕ್ಕೆ ಬಂದಾಗ ದೋಣಿಕಟ್ಟೆಯಲ್ಲಿ ಜನ ತುಂಬಿದ್ದರು. ಕಾವಲಮ್ಮ ಬ್ಯಾಗಿನ ಜಿಪ್ಪು ಸರಿಯಾಗಿ ಹಾಕಿದೆಯೇ ಎಂದು ಬಗ್ಗಿ ನೋಡಿದಳು, ಎಳೆದು ನೋಡಿದಳು, ಇನ್ನೊಮ್ಮೆ ಎಳೆದಳು. ತಲೆಯೆತ್ತಿದರೆ ಮೂರು ಹಳದಿ ಟೋಪಿಗಳು ದೋಣಿ ಹತ್ತುತ್ತಿವೆ: ಒಂದು ಎತ್ತರ, ಒಂದು ದಪ್ಪ, ಒಂದು ಗಿಡ್ಡ. "ನಿಲ್ರೀ, ನಾನಿಲ್ವಾ!" ಎನ್ನುತ್ತ ಓಡಿದಳು. ನುಗ್ಗಿ ಅವರ ಹಿಂದಿನ ಸಾಲಿನಲ್ಲೇ ಕುಳಿತಳು. ದೋಣಿ ಹೊರಟಿತು.

ಏದುಸಿರು ಬಿಡುತ್ತಲೇ ಹಾಜರಿ ತೆಗೆದಳು. ಎತ್ತರದ ತಲೆ: ಕ್ವಾಕ್. ದಪ್ಪ ತಲೆ: ಕ್ವಾಕ್. ಇಬ್ಬರೂ "ಇದೀನಿ" ಅನ್ನಲಿಲ್ಲ. ಅದನ್ನು ವಿಚಾರಿಸುವ ಮೊದಲೇ ಕೈ ತಾನಾಗಿ ಗಿಡ್ಡ ತಲೆಯ ಮೇಲೆ ಹೋಯಿತು.

ಕ್ವಾಕ್.

ತಲೆ ಬಗ್ಗಲಿಲ್ಲ! ಕಾವಲಮ್ಮನ ಕಣ್ಣು ತುಂಬಿತು. ಕೈ ತೆಗೆಯಲು ಮನಸ್ಸಾಗದೆ ಟೋಪಿಯನ್ನು ಮೆಲ್ಲಗೆ ಸವರಿದಳು. "ನನ್ನ ಬಂಗಾರ" ಎಂದಳು.

ಬಂಗಾರ ಹಿಂತಿರುಗಿ ನೋಡಿತು. ಅದಕ್ಕೆ ಬಿಳಿ ಪೊದೆಮೀಸೆ ಇತ್ತು.

ಅವಳು ದೋಣಿಯ ತುಂಬ ಕಣ್ಣಾಡಿಸಿದಳು. ಸಾಲು ಸಾಲು ಹಳದಿ ಟೋಪಿಗಳು, ಕೆಳಗೆಲ್ಲ ಸುಕ್ಕುಮುಖಗಳು. ಯಾವುದೋ ಹಿರಿಯರ ಸಂಘದ ಪ್ರವಾಸ. ಅಂಗಡಿಯವನಿಗೆ ಒಳ್ಳೆಯ ವ್ಯಾಪಾರವೇ ಆಗಿತ್ತು. ತಲೆ ಒತ್ತುವುದು ಇವಳ ದೇಶದ ನಮಸ್ಕಾರ ಇರಬೇಕೆಂದು ಮೀಸೆಯ ತಾತ ತಿಳಿದರೇನೋ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಗೌರವದಿಂದ ಅವಳ ತಲೆ ಒತ್ತಿದರು. ಕ್ವಾಕ್! ಪಕ್ಕದ ಅಜ್ಜಿ ಒತ್ತಿದರು. ನಿಮಿಷದೊಳಗೆ ದೋಣಿಯವರೆಲ್ಲ ಒಬ್ಬರ ತಲೆ ಒಬ್ಬರು ಒತ್ತತೊಡಗಿದರು. ಕೆರೆಯ ನಿಜವಾದ ಬಾತುಕೋಳಿಗಳು ಗಾಬರಿಯಿಂದ ದೂರ ಸರಿದವು.

ದಡದಲ್ಲಿ ಅವಳ ಮೂರು ಟೋಪಿಗಳೂ ಇದ್ದವು. ಗಂಡ ಎರಡೂ ಕೈ ಬೀಸುತ್ತಿದ್ದ. ಮಗು ದಡದ ಕಂಬಿಬೇಲಿಯ ಉದ್ದಕ್ಕೂ ದೋಣಿಯ ದಿಕ್ಕಿಗೇ ಓಡುತ್ತ ಕಿರುಚುತ್ತಿತ್ತು.

"ಮಗೂನ ಹಿಡ್ಕೊಳ್ರೀ! ನೀರಿದೆ!"

ಗಂಡ ಓಡಿಹೋಗಿ ಮಗುವನ್ನು ಹಿಡಿದ. "ಹಿಡ್ಕೊಂಡಿದೀನಿ ಕಣೇ! ಅದು ನಿನ್ನನ್ನ ಹಿಡಿಯೋಕೆ ಒದ್ದಾಡ್ತಿದೆ!"

ಆ ದೋಣಿ ಇಡೀ ಕೆರೆ ಸುತ್ತದೆ ಹಿಂತಿರುಗುವಂಥದ್ದಲ್ಲ. ಕೊನೆಗೂ ದಡಕ್ಕೆ ಬಂದಾಗ ಮಗು ಅಪ್ಪನ ಕೈ ಕೊಸರಿಕೊಂಡು ಬಂದು ಅವಳ ಮುಂದೆ ನಿಂತಿತು. ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯ ಬೆರಳು ಮೇಲೆ. ತನ್ನ ಭಾಷೆಯಲ್ಲಿ ಉಸಿರು ಬಿಡದೆ ಏನೇನೋ ಹೇಳಿತು.

"ಏನಂತೆ?" ಎಂದ ಗಂಡ.

"ಅದನ್ನೂ ದುಭಾಷಿ ಬಂದು ಹೇಳ್ಬೇಕೇನೋ? ನಿನ್ನ ಹೆಂಡತಿ ದಿನಾ ನಮ್ಮನ್ನ ಬೈಯೋ ಹಾಗೇ ಇವಳೂ ಅವಳನ್ನ ಬೈತಿದಾಳೆ. ಆ ಬೆರಳು ನೋಡು, ಸೊಂಟ ನೋಡು!" ಎಂದರು ಅತ್ತೆ.

ಬೈದು ಮುಗಿಸಿದ ಮಗು ಬಗ್ಗುವಂತೆ ಕೈಸನ್ನೆ ಮಾಡಿತು. ಕಾವಲಮ್ಮ ಮಂಡಿಯೂರಿದಳು. ಮಗು ಅವಳ ತಲೆಯನ್ನು ಬಲವಾಗಿ ಒತ್ತಿತು. ಕ್ವಾಕ್. ಆಮೇಲೆ ಅವಳ ಬಾಯನ್ನೇ ನೋಡುತ್ತ ಕಾದು ನಿಂತಿತು.

"ಹಾಜರಿ ಕೂಗಿದಾಳಲ್ಲೇ, ಹೇಳು!" ಎಂದು ಅತ್ತೆ ಗದರಿದರು.

"ಇದೀನಿ," ಎಂದಳು ಕಾವಲಮ್ಮ. ದನಿ ಸರಿಯಾಗಿ ಹೊರಡಲಿಲ್ಲ. ಮಗುವಿಗೆ ಸಾಲಲಿಲ್ಲ, ಇನ್ನೊಮ್ಮೆ ಒತ್ತಿತು. "ಇದೀನಿ, ಇಲ್ಲೇ ಇದೀನಿ."

ವಸತಿಗೃಹದವರೆಗೂ ಮಗು ಅವಳ ಬ್ಯಾಗಿನ ಪಟ್ಟಿ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಹಾಜರಿ. ಅದರ ಕೈಗೆ ಎಟುಕಲೆಂದು ಅವಳು ದಾರಿಯುದ್ದಕ್ಕೂ ಗೂನು ಬೆನ್ನು ಮಾಡಿಕೊಂಡೇ ನಡೆದಳು. ಆದರೂ ತಾನಾಗಿ ಆ ಪುಟ್ಟ ತಲೆಯ ಮೇಲೆ ಕೈಯಿಡುವ ಧೈರ್ಯ ಮಾಡಲಿಲ್ಲ. ಇದ್ದದ್ದೂ ಹೋದರೆ?

ಮರುದಿನ ಕಚೇರಿಗೆ ಹೊರಡುವಾಗ ಅತ್ತೆ ಟೋಪಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. "ಮರ್ಯಾದಸ್ಥರ ಹಾಗೆ ಹೋಗೋಣ."

ಅಧಿಕಾರಿ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ನೋಡುತ್ತ ಕುಳಿತರು. ಮಗು ಸುತ್ತಲೂ ನೋಡಿತು, ಗೋಡೆ ನೋಡಿತು, ಅಧಿಕಾರಿಯ ಕನ್ನಡಕ ನೋಡಿತು. ಆಮೇಲೆ ಕಾವಲಮ್ಮನ ಕುರ್ಚಿಯ ಮೇಲೆ ಹತ್ತಿ ಅವಳ ತಲೆ ಒತ್ತಿತು.

ಬರಿಯ ಕೂದಲು. ಸದ್ದಿಲ್ಲ.

ಇನ್ನೊಮ್ಮೆ ಒತ್ತಿತು. ಕೆಳತುಟಿ ನಡುಗತೊಡಗಿತು.

ಕಾವಲಮ್ಮ ಒಂದೊಂದು ಮಾತನ್ನೂ ಅಳೆದು ತೂಗಿ ಆಡುವವಳು. ಅಧಿಕಾರಿ ಏನು ಕೇಳಿದರೆ ಏನು ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅದೆಲ್ಲವನ್ನೂ ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ, ಅಧಿಕಾರಿಯ ಮುಖವನ್ನೇ ನೋಡುತ್ತ ಸ್ಪಷ್ಟವಾಗಿ ಹೇಳಿದಳು:

"ಕ್ವಾಕ್. ಇದೀನಿ."

ದುಭಾಷಿ ಬಾಯಿ ತೆರೆದಳು. ಇದನ್ನು ಹೇಗೆ ಅನುವಾದಿಸುವುದೆಂದು ಹೊಳೆಯದೆ ಮುಚ್ಚಿದಳು. ಮಗು ಸಮಾಧಾನದಿಂದ ಕೆಳಗಿಳಿದು ಅಜ್ಜಿಯ ಹತ್ತಿರ ಹೋಗಿ ಕೈಯೆತ್ತಿತು. ನಿವೃತ್ತ ಮುಖ್ಯೋಪಾಧ್ಯಾಯಿನಿ ಸೂರು ನೋಡಿದರು, ನೆಲ ನೋಡಿದರು, ಮಗನನ್ನು ನೋಡಿದರು. ತಲೆ ಬಗ್ಗಿಸಿ, "ಕ್ವಾಕ್" ಎಂದರು. ಗಂಡ ಮುಟ್ಟಿಸಿಕೊಳ್ಳುವ ಮೊದಲೇ ಕೂಗಿದ.

ಕೊನೆಗೆ ಮಗು ಮತ್ತೆ ಕಾವಲಮ್ಮನ ಮುಂದೆ ಬಂದು ನಿಂತಿತು. ಇನ್ನೊಂದು ತಲೆ ಬಾಕಿ ಇತ್ತು. ಅವಳು ಕೈ ಎತ್ತಿದಳು, ನಡುವೆ ನಿಲ್ಲಿಸಿದಳು, ಮತ್ತೆ ಮುಂದೆ ಚಾಚಿದಳು.

ಪುಟ್ಟ ತಲೆ ಬಗ್ಗಲಿಲ್ಲ.

"ಕ್ವಾಕ್," ಎಂದಿತು ಮಗು.